ಮಳೆ ನೋಡೋಕೆ ಟಿಕೆಟ್ ಯಾಕೆ?

ಮಾನ್ಯ ಸಂಪಾದಕರೇ,

ನಿಧಾನದ ಸಿನಿಮಾ, ನಾಲ್ಕಾರು ಕಥೆ ಹೆಣೆದ ಕಾದಂಬರಿ ಈಗಿನವರಿಗೆ ಹಿಡಿಸುವುದಿಲ್ಲ, ಎಲ್ಲರಿಗೂ ಮೊಬೈಲ್ ಹುಚ್ಚು ಅಂತ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ತಕರಾರಿದೆ.

ಹೋದ ವರ್ಷ ಅಂಥದ್ದೇ ಒಂದು ಸಿನಿಮಾ ನೋಡಲು ಬಸ್ ಹತ್ತಿ ಶಿವಮೊಗ್ಗಕ್ಕೆ ಹೋಗಿದ್ದೆ. ಹೆಂಚಿನ ಮೇಲೆ ಮಳೆ. ಕಿಟಕಿಯಲ್ಲಿ ಒಬ್ಬ ಮನುಷ್ಯ. ಮತ್ತೆ ಮಳೆ. ಅವನಿಗೇನು ಕಷ್ಟ ಅಂತ ಕೊನೆವರೆಗೂ ಗೊತ್ತಾಗಲಿಲ್ಲ. ಮಳೆ ನೋಡೋಕೆ ನನಗೆ ಟಿಕೆಟ್ ಯಾಕೆ ಸ್ವಾಮಿ? ಜೂನ್ ಬಂತೆಂದರೆ ನಮ್ಮನೆ ಜಗಲಿಯಲ್ಲಿ ನಾಲ್ಕು ತಿಂಗಳು ಪುಕ್ಕಟೆ ಶೋ.

ಅದೇ ಕಾಸರವಳ್ಳಿಯವರ 'ದ್ವೀಪ' ನೋಡಿ, 2002ರದ್ದು, ನಮ್ಮ ಸಾಗರದ ನಾ. ಡಿಸೋಜ ಅವರ ಕಥೆ. ಅಲ್ಲೂ ಮಳೆಯೇ. ಆದರೆ ಅಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಬಂತು, ಇನ್ನೆಷ್ಟು ಏರುತ್ತದೆ ಅಂತ ಆ ಮನೆಯವರ ಜೊತೆ ನಾವೂ ಕಾಯುತ್ತಾ ಕೂರುತ್ತೇವೆ. ಆ ಕಥೆಯನ್ನು ಗಡಿಬಿಡಿಯಲ್ಲಿ ಹೇಳಿದ್ದರೆ ಕೆಟ್ಟೇ ಹೋಗುತ್ತಿತ್ತು. (ನಮ್ಮ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಮುಳುಗಡೆಯವರು ಹಕ್ಕುಪತ್ರಕ್ಕೆ ಇನ್ನೂ ಓಡಾಡುತ್ತಿದ್ದಾರೆ. ಅದಕ್ಕಿಂತ ನಿಧಾನದ ಸಿನಿಮಾ ಯಾವುದಿದೆ?)

ಇನ್ನು ಹಲವು ಕಥೆಗಳ ವಿಷಯ. ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ನಾನೂ ಎರಡು ಸಲ ಅರ್ಧಕ್ಕೆ ಬಿಟ್ಟವನೇ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಗುತ್ತಿ–ತಿಮ್ಮಿ ಒಂದು ಕಡೆ, ಮುಕುಂದಯ್ಯ–ಚಿನ್ನಮ್ಮ ಇನ್ನೊಂದು ಕಡೆ, ನಡುವೆ ಐತ–ಪೀಂಚಲು, ಊರುಗಳೋ ಬೆಟ್ಟಳ್ಳಿ, ಕೋಣೂರು, ಸಿಂಬಾವಿ ಅಂತ, ಯಾರು ಯಾವ ಮನೆಯವರು ಅನ್ನುವುದೇ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮೂರನೇ ಸಲ ಆಷಾಢದಲ್ಲಿ ಮೂರು ದಿನ ಕರೆಂಟ್ ಹೋದಾಗ ಹಳೇ ಕ್ಯಾಲೆಂಡರಿನ ಹಿಂದೆ ಹೆಸರು ಬರೆದುಕೊಂಡು ಕೂತೆ. ಐವತ್ತು ಪುಟ ದಾಟಿದ ಮೇಲೆ ಕ್ಯಾಲೆಂಡರ್ ಬೇಕಾಗಲಿಲ್ಲ. ಗುತ್ತಿಯ ನಾಯಿ ಹುಲಿಯ ಕೂಡ ನಮ್ಮನೆಯದೇ ಅನ್ನಿಸತೊಡಗಿತ್ತು.

ಯೋಚಿಸಿದರೆ ಇದು ನಮಗೆ ಹೊಸದೇನಲ್ಲ. ಅಡಿಕೆ ಸುಲಿಯುವ ರಾತ್ರಿ ನೆನಪು ಮಾಡಿಕೊಳ್ಳಿ. ಹತ್ತು ಜನ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ, ಒಬ್ಬಳು ಮಗಳ ಬಾಣಂತನದ ಕಥೆ ಶುರು ಮಾಡಿರುತ್ತಾಳೆ, ಅದರ ನಡುವೆ ಇನ್ನೊಬ್ಬ ತೋಟಕ್ಕೆ ಕಾಟಿ ನುಗ್ಗಿದ್ದನ್ನು ತೆಗೆಯುತ್ತಾನೆ, ಮೂಲೆಯ ಅಜ್ಜ ನಲವತ್ತು ವರ್ಷದ ಹಿಂದಿನ ಜಮೀನಿನ ಕೇಸಿಗೆ ಹೋಗಿರುತ್ತಾನೆ. ಒಲೆ ಮೇಲಿನ ಹಂಡೆ ಕುದಿಯುವಷ್ಟರಲ್ಲಿ ಮೂರೂ ಒಂದೇ ಮನೆಯ ಕಥೆ ಅಂತ ಗೊತ್ತಾಗುತ್ತದೆ. ಯಾರಿಗೂ ಗೊಂದಲ ಆಗಲ್ಲ, ಅಲ್ವಾ? ಈಗಿನ ಕೆಲವು ಕಾದಂಬರಿಗಳಲ್ಲಿ ಮಾತ್ರ ಐದು ಜನ ಐದು ದಿಕ್ಕಿಗೆ ಹೋಗಿ ಕೊನೆಗೂ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಅದು ಐದು ಕಥೆಗೆ ಒಂದೇ ರಟ್ಟು ಹಾಕಿದ್ದು, ಅಷ್ಟೇ.

ತಾಳ್ಮೆ ಇಲ್ಲ ಅನ್ನುವವರು ಇದನ್ನೂ ನೆನಪಿಡಲಿ: 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇದೇ 'ಮದುಮಗಳು' ನಾಟಕವಾದಾಗ ಜನ ರಾತ್ರಿಯಿಡೀ, ಒಂಬತ್ತು ಗಂಟೆ ಕೂತು ನೋಡಿದರು.

ಕೊನೆಗೊಂದು ಮನವಿ. ಇಂಥ ಸಿನಿಮಾಗಳಿಗೆ ಬೆಳಿಗ್ಗೆ ಹತ್ತಕ್ಕೆ ಒಂದೇ ಶೋ ಕೊಟ್ಟು, ಮೂರನೇ ದಿನ ಎತ್ತಿಬಿಟ್ಟು, ಜನ ಬರಲಿಲ್ಲ ಅಂದರೆ ಹೇಗೆ? ನಮ್ಮೂರಿನ ಮೊದಲ ಬಸ್ಸು ಶಿವಮೊಗ್ಗ ಮುಟ್ಟುವುದೇ ಹತ್ತೂವರೆಗೆ. ಮ್ಯಾಟ್ನಿ ಕೊಡಲಿ. ಸಂಜೆ ಶೋ ಬೇಡ, ವಾಪಸ್ ಬರಲು ಬಸ್ಸಿಲ್ಲ.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು