ನಿನ್ನ 46 ಪರ್ಸೆಂಟ್ ಲೆಕ್ಕ

ಎಡಿಸನ್, ನ್ಯೂಜೆರ್ಸಿ
24 ಆಗಸ್ಟ್ 2025

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ವಾಟ್ಸಾಪ್ ಮೆಸೇಜು ಮೊನ್ನೆಯೇ ಬಂತು. ಎರಡು ಸಾಲಿನಲ್ಲಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಇವತ್ತು ಭಾನುವಾರ ಕಾಫಿ ಮಾಡಿಕೊಂಡು ಕೂತಿದ್ದೇನೆ.

ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 619, ಫಸ್ಟ್ ಪಿಯುಸಿ ಗಣಿತದಲ್ಲಿ ನೂರಕ್ಕೆ ನೂರು, ಅಮೆರಿಕದ ಕಾಲೇಜುಗಳು ನೋಡುವ ಸ್ಯಾಟ್‌ನಲ್ಲಿ 1550. ಓದಿ ಹೊಟ್ಟೆ ತುಂಬಿತು ಮಗಳೇ. ಆಮೇಲೆ ನೀನು ಅರ್ಜಿ ಹಾಕಬೇಕು ಅಂದುಕೊಂಡಿರುವ ಅಮೆರಿಕದ ಹನ್ನೆರಡು ಕಾಲೇಜಿನ ಪಟ್ಟಿ. ಅದರ ಕೆಳಗೆ ನಿನ್ನ ಲೆಕ್ಕ: 'ಒಂದೊಂದರಲ್ಲಿ 5 ಪರ್ಸೆಂಟ್ ಚಾನ್ಸ್ ಅಂತ ಇಟ್ಟುಕೊಂಡರೂ ಹನ್ನೆರಡರಲ್ಲಿ ಒಂದಾದರೂ ಸಿಗುವ ಚಾನ್ಸ್ 46 ಪರ್ಸೆಂಟ್. ಸರಿನಾ ಅತ್ತೆ?'

ಗುಣಾಕಾರ ಸರಿ. ಲೆಕ್ಕ ತಪ್ಪು.

ನಾನು ಇಲ್ಲಿ ಇನ್ಶೂರೆನ್ಸ್ ಕಂಪನಿಯಲ್ಲಿ ಸಂಬಳ ತೆಗೆದುಕೊಳ್ಳುವುದೇ ಇಂಥ ಲೆಕ್ಕ ಮಾಡುವುದಕ್ಕೆ. ಹಾಗಾಗಿ ಇದೊಂದು ವಿಷಯದಲ್ಲಿ ನನ್ನ ಮಾತು ಕೇಳಬಹುದು. ನಮ್ಮ ತೀರ್ಥಹಳ್ಳಿ ತೋಟದಲ್ಲಿ ಒಂದು ಅಡಿಕೆ ಮರಕ್ಕೆ ಕೊಳೆ ರೋಗ ಬರುವ ಸಂಭವ ಇಷ್ಟು ಅಂತ ಇಟ್ಟುಕೋ. ಪಕ್ಕದ ಮರದ್ದು ಬೇರೆ ಲೆಕ್ಕವಾ? ಅಲ್ಲ. ಎರಡಕ್ಕೂ ಬೀಳುವುದು ಒಂದೇ ಮಳೆ. ಔಷಧಿ ಹೊಡೆಯುವುದು ತಡವಾದರೆ ಎರಡಕ್ಕೂ ತಡ. ನಿನ್ನ ಹನ್ನೆರಡು ಅರ್ಜಿಯೂ ಹಾಗೇ. ಅದೇ ಮಾರ್ಕ್ಸ್ ಕಾರ್ಡು, ಅದೇ ಪ್ರಬಂಧ, ಅದೇ ಲೆಕ್ಚರರ್ ಬರೆದ ಪತ್ರ ಎಲ್ಲ ಕಡೆಗೂ ಹೋಗುತ್ತದೆ. ಒಂದು ಕಡೆ ಸಪ್ಪೆ ಅನ್ನಿಸಿದ್ದು ಉಳಿದ ಕಡೆಯೂ ಸಪ್ಪೆ ಅನ್ನಿಸಬಹುದು. ಹನ್ನೆರಡು ಬಾರಿ ನಾಣ್ಯ ಚಿಮ್ಮಿದ ಹಾಗೆ ಅಲ್ಲ ಇದು.

ಇನ್ನು ಆ 5 ಪರ್ಸೆಂಟೂ ನಿನ್ನದಲ್ಲ. 2024ರಲ್ಲಿ ಸೇರಿದ ಬ್ಯಾಚಿಗೆ ಹಾರ್ವರ್ಡ್‌ಗೆ ಬಂದ ಅರ್ಜಿ 54,008. ಸೀಟು ಕೊಟ್ಟಿದ್ದು 1,937 ಮಕ್ಕಳಿಗೆ. ಅಂದರೆ 3.6 ಪರ್ಸೆಂಟ್. ಆ 1,937ರ ಒಳಗೇ ಆಟಕ್ಕೆಂದು ಕೋಚ್‌ಗಳು ಮೊದಲೇ ಗುರುತಿಟ್ಟವರಿದ್ದಾರೆ, ಅಪ್ಪನೋ ಅಮ್ಮನೋ ಅಲ್ಲೇ ಓದಿದವರಿದ್ದಾರೆ. ಕೆಲವು ವರ್ಷದ ಹಿಂದೆ ಹಾರ್ವರ್ಡ್ ಮೇಲೆ ನಡೆದ ಕೇಸಿನಲ್ಲಿ ಇದೆಲ್ಲ ಹೊರಬಂತು. ಹಳೇ ವಿದ್ಯಾರ್ಥಿಗಳ ಮಕ್ಕಳಲ್ಲಿ ಹೆಚ್ಚುಕಮ್ಮಿ ಮೂವರಿಗೊಬ್ಬರಂತೆ ಸೀಟು ಸಿಗುತ್ತಿತ್ತು. ಎಂಐಟಿ ಅದನ್ನು ನೋಡುವುದಿಲ್ಲ, ಅಷ್ಟು ಒಳ್ಳೆಯದು. ಆದರೆ ಎಂಐಟಿಯಲ್ಲಿ ಹೊರದೇಶದ ಮಕ್ಕಳಿಗೆ, ಇಡೀ ಪ್ರಪಂಚಕ್ಕೆ ಸೇರಿ, ವರ್ಷಕ್ಕೆ ಸಿಗುವುದು ನೂರೈವತ್ತರ ಆಸುಪಾಸು ಸೀಟು. ಅಲ್ಲಿ ಚಾನ್ಸ್ ಎರಡು ಪರ್ಸೆಂಟ್ ಹತ್ತಿರ.

ಅದೇ ಕೇಸಿನ ಇನ್ನೊಂದು ಸಂಗತಿ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಒಂದು ವರ್ಷ ಅಮೆರಿಕದೊಳಗಿನಿಂದಲೇ ಅರ್ಜಿ ಹಾಕಿದವರಲ್ಲಿ ಪೂರ್ತಿ ಜಿಪಿಎ, ಅಂದರೆ ಶಾಲೆಯ ಸರಾಸರಿ ಗ್ರೇಡು ಪೂರ್ತಿ ಇದ್ದವರು ಎಂಟು ಸಾವಿರಕ್ಕೂ ಜಾಸ್ತಿ. ಸ್ಯಾಟ್ ಗಣಿತದಲ್ಲಿ ಪೂರ್ತಿ ಅಂಕ ತೆಗೆದವರು ಮೂರು ಸಾವಿರಕ್ಕೂ ಜಾಸ್ತಿ. ಸೀಟು ಎರಡು ಸಾವಿರದಷ್ಟು. ಪೂರ್ತಿ ಅಂಕ ಬಂದವರಿಗೇ ಜಾಗ ಸಾಲುವುದಿಲ್ಲ ಅಂದಮೇಲೆ, 1550ನ್ನು 1580 ಮಾಡಲು ಅಕ್ಟೋಬರ್‌ನಲ್ಲಿ ಮತ್ತೆ ಸ್ಯಾಟ್ ಬರೆಯುತ್ತೇನೆ ಅಂದೆಯಲ್ಲ, ಅದು ಬೇಡ. ಆ ಮೂವತ್ತು ಅಂಕಕ್ಕೆ ನೀನು ಕೊಡುವ ಎರಡು ತಿಂಗಳು ತುಂಬಾ ದುಬಾರಿ.

ನಿನಗೆ ಇದು ಕಷ್ಟ ಅಂತ ಗೊತ್ತು. ನಮ್ಮಲ್ಲಿ ಸಿಇಟಿ ಅಂದರೆ ರ‍್ಯಾಂಕು. ಹೋದ ವರ್ಷದ ಕಟ್ ಆಫ್ ನೋಡಿದರೆ ಎಲ್ಲಿ ಸೀಟು ಸಿಗುತ್ತದೆ ಅಂತ ಅಂದಾಜು ಹೇಳಬಹುದು. ನಿನ್ನದೇ ಕೆಟಗರಿಯಲ್ಲಿ ನಿನಗಿಂತ ಕಡಿಮೆ ಅಂಕದವಳಿಗೆ ನಿನ್ನ ಸೀಟು ಹೋಗುವುದಿಲ್ಲ. ಇಲ್ಲಿ ಹೋಗುತ್ತದೆ. ಹಾರ್ವರ್ಡ್‌ನಲ್ಲಿ ಕೊನೆಗೆ ನಲವತ್ತು ಜನರ ಸಮಿತಿ ಕೂತು ಕೈ ಎತ್ತಿ ತೀರ್ಮಾನಿಸುತ್ತದೆ. ಅವರು ರ‍್ಯಾಂಕ್ ಪಟ್ಟಿ ಮಾಡುತ್ತಿಲ್ಲ, ಒಂದು ಬ್ಯಾಚ್ ಕಟ್ಟುತ್ತಿದ್ದಾರೆ. ಆ ವರ್ಷ ಗಣಿತದ ಹುಡುಗಿಯರು ಜಾಸ್ತಿ ಬಂದಿದ್ದರೆ ನಿನ್ನ ತಪ್ಪಿಲ್ಲದೆ ನೀನು ಹೊರಗೆ. ಮದುವೆ ಮನೆಯಲ್ಲಿ ಪಂಕ್ತಿ ತುಂಬಿದ ಮೇಲೆ ಬಂದವರ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಎರಡನೇ ಪಂಕ್ತಿ ಇಲ್ಲ.

ಈಗ ಆ ಎನ್‌ಜಿಒ ವಿಷಯ.

ಅರ್ಜಿಗೆ ಸಲಹೆ ಕೊಡುವ ಬೆಂಗಳೂರಿನ ಕನ್ಸಲ್ಟೆಂಟ್ ಹೇಳಿದರಂತೆ, ಹಳ್ಳಿ ಹುಡುಗಿಯರಿಗೆ ಕೋಡಿಂಗ್ ಕಲಿಸುವ ಒಂದು ಎನ್‌ಜಿಒ ಶುರು ಮಾಡು, ಸೆಪ್ಟೆಂಬರ್ ಒಳಗೆ ಲೋಗೋ ಮಾಡಿಸು, ಫೋಟೋ ತೆಗೆಸು ಅಂತ. ನಿನ್ನ ಅಜ್ಜ, ನಮ್ಮ ಅಪ್ಪಯ್ಯ, ಮಳೆ ಅಳೆದು ಬರೆದಿಡುವ ಆ ಮಳೆ ಪುಸ್ತಕದ ಬಗ್ಗೆ ಹೇಳಿದರೆ 'ಅದರಲ್ಲಿ ಇಂಪ್ಯಾಕ್ಟ್ ಇಲ್ಲ' ಅಂದರಂತೆ. ಇದನ್ನು ಓದಿ ನನಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು. ಸಿಟ್ಟು ಅವರ ಮೇಲೆ ಅಷ್ಟಲ್ಲ, ನನ್ನ ಮೇಲೆ. ಯಾಕೆಂದರೆ ನಾನೂ ಇದನ್ನೇ ಮಾಡಿದ್ದೆ.

ನಿನ್ನ ಭಾವ, ಅಂದರೆ ನನ್ನ ಮಗ, ಒಂಬತ್ತು ವರ್ಷ ಮೃದಂಗ ಕಲಿತಿದ್ದ. ಹನ್ನೊಂದನೇ ಕ್ಲಾಸಿಗೆ ಬಂದಾಗ ನಾನೇ ಬಿಡಿಸಿದೆ. ಎಡಿಸನ್‌ನಲ್ಲಿ ಕಲ್ಲು ಎಸೆದರೆ ಮೃದಂಗದವರ ಮನೆಗೆ ಬೀಳುತ್ತದೆ, ಇದರಲ್ಲೇನಿದೆ ವಿಶೇಷ ಅಂದೆ. ಬದಲಿಗೆ ಒಂದು ಕಂಪನಿಗೆ ಎರಡು ಸಾವಿರ ಡಾಲರ್ ಕಟ್ಟಿ ಬೇಸಿಗೆಯಲ್ಲಿ 'ರಿಸರ್ಚ್ ಪೇಪರ್' ಬರೆಸಿದೆವು. ಪ್ರಬಂಧವನ್ನು ಹದಿನಾಲ್ಕು ಸಲ ತಿದ್ದಿದೆವು. ಹನ್ನೊಂದು ಅರ್ಜಿ, ಒಂಬತ್ತು ಕಡೆ ಇಲ್ಲ ಅಂದರು. ಉತ್ತರಗಳು ಬಂದ ಮಾರ್ಚ್ ಕೊನೆಯ ಆ ಸಂಜೆ ಅವನು ಲ್ಯಾಪ್‌ಟಾಪ್ ಮುಚ್ಚಿ, ಅಡುಗೆಮನೆಗೆ ಬಂದು, ತಟ್ಟೆಗೆ ಅನ್ನ ಸಾರು ಹಾಕಿಕೊಂಡು ಸುಮ್ನೆ ಊಟ ಮಾಡಿದ. ಅಳಲೂ ಇಲ್ಲ. ಒಂದು ವಾರದ ಮೇಲೆ ಕಾರಿನಲ್ಲಿ ಹೋಗುವಾಗ ಹೇಳಿದ: 'ಅಮ್ಮ, ಆ ಪ್ರಬಂಧದಲ್ಲಿರೋ ಹುಡುಗ ಯಾರು ಅಂತ ನನಗೇ ಗೊತ್ತಿಲ್ಲ. ಅವನನ್ನ ಬೇಡ ಅಂದಿದ್ದಕ್ಕೆ ನನಗೆ ಹೆಂಗೆ ಬೇಜಾರಾಗ್ಬೇಕು?'

ಬೇಜಾರಾಗಿತ್ತು, ಅದು ನನಗೆ ಗೊತ್ತು. ಈಗ ನಮ್ಮ ರಾಜ್ಯದ ರಟ್ಗರ್ಸ್‌ನಲ್ಲಿ ಮೂರನೇ ವರ್ಷ. ಮೃದಂಗ ಮತ್ತೆ ಹಾಸ್ಟೆಲಿಗೆ ಹೋಗಿದೆ.

ಪುಟ್ಟಿ, ಏಳನೇ ಕ್ಲಾಸಿನಿಂದ ನೀನು ಅಜ್ಜನ ಜೊತೆ ಬೆಳಗ್ಗೆ ಎಂಟಕ್ಕೆ ಮಳೆ ಅಳೆಯುತ್ತಿದ್ದೀಯ. ಅಪ್ಪಯ್ಯನ ಹಳೇ ಪುಸ್ತಕಗಳಲ್ಲಿ ಆರಿದ್ರೆ ಇಷ್ಟು ಇಂಚು, ಪುಷ್ಯ ಇಷ್ಟು ಇಂಚು ಅಂತ ಬರೆದಿದ್ದನ್ನೆಲ್ಲ ನೀನೇ ಕಂಪ್ಯೂಟರಿಗೆ ಹಾಕಿದೆ. ಹೋದ ವರ್ಷ ಫೋನಿನಲ್ಲಿ ಹೇಳಿದ್ದು ನೆನಪಿದೆಯಾ? ಒಟ್ಟು ಮಳೆ ಎಷ್ಟು ಅನ್ನುವುದಕ್ಕಿಂತ ನಡುವೆ ಬಿಸಿಲು ಬಾರದೆ ಎಷ್ಟು ದಿನ ಹಿಡಿಯಿತು ಅನ್ನುವುದಕ್ಕೂ ಕೊಳೆಗೂ ಜಾಸ್ತಿ ಸಂಬಂಧ ಇದೆ ಅಂದೆ. ತೋಟದವರಿಗೆ ಗೊತ್ತಿರುವ ಮಾತೇ. ಆದರೆ ನೀನು ಅಂಕಿ ಜೋಡಿಸಿ ನೋಡಿದೆ. ಎರಡು ವರ್ಷ ಹೊಂದಲಿಲ್ಲ ಅಂತ ತಲೆ ಕೆಡಿಸಿಕೊಂಡೆ. ಯಾರೂ ಮಾಡು ಅನ್ನಲಿಲ್ಲ, ಸರ್ಟಿಫಿಕೇಟೂ ಇಲ್ಲ. ಅದನ್ನು ಬರೆ. ಹಲವು ಕಾಲೇಜಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಪ್ರಬಂಧಕ್ಕೆ 650 ಪದ ಕೊಡುತ್ತಾರೆ. ಹೊಂದದ ಆ ಎರಡು ವರ್ಷದ ಕಥೆಗೆ ಅಷ್ಟು ಸಾಕು.

ಮಳೆ ಪುಸ್ತಕ ಬರೆದರೆ ಸೀಟು ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಆ ಕನ್ಸಲ್ಟೆಂಟಿಗೂ ನನಗೂ ಏನು ವ್ಯತ್ಯಾಸ? ಸಿಗದೇ ಇರುವ ಸಾಧ್ಯತೆಯೇ ಜಾಸ್ತಿ. ಆದರೆ ಏಪ್ರಿಲ್‌ನಲ್ಲಿ ನಿನ್ನ ಹತ್ತಿರ ಮಳೆ ಪುಸ್ತಕ ಉಳಿದಿರುತ್ತದೆ. ಲೋಗೋ ಇದ್ದ ಎನ್‌ಜಿಒ ಉಳಿದಿರುವುದಿಲ್ಲ, ಮತ್ತೆ ಆ ಹಳ್ಳಿ ಹುಡುಗಿಯರಿಗೆ ನೀನು ಏನು ಹೇಳುತ್ತೀಯ?

ಶಿಫಾರಸು ಪತ್ರದ ಬಗ್ಗೆ ಒಂದು ಮಾತು. ನಮ್ಮ ಪಿಯು ಕಾಲೇಜುಗಳಲ್ಲಿ ಇದಕ್ಕೆಂದೇ ಕೌನ್ಸೆಲರ್ ಇರುವುದು ಕಡಿಮೆ. ಪ್ರಿನ್ಸಿಪಾಲರು 'ಸಿನ್ಸಿಯರ್, ಒಬೀಡಿಯಂಟ್' ಅಂತ ನಾಲ್ಕು ಸಾಲು ಬರೆದುಕೊಡುತ್ತಾರೆ. ಇಲ್ಲಾಂದ್ರೆ 'ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ' ಅನ್ನುತ್ತಾರೆ. ನೀನು ಬರೆದುಕೊಳ್ಳಬೇಡ. ಗಣಿತದ ಸರ್ ಹತ್ತಿರ ಕೂತು, ಬೋರ್ಡಿನ ಮೇಲೆ ಅವರು ಮಾಡಿದ ಲೆಕ್ಕವನ್ನು ನೀನು ಬೇರೆ ದಾರಿಯಲ್ಲಿ ಮಾಡಿ ಜಗಳ ಆಡಿದ ಕಥೆ ನೆನಪಿಸು. ಒಬೀಡಿಯಂಟ್ ಅನ್ನುವುದಕ್ಕಿಂತ ಅದು ಎಷ್ಟೋ ಮೇಲು. ಒಂಬತ್ತನೇ ಕ್ಲಾಸಿನಿಂದ ಮಾರ್ಕ್ಸ್ ಕಾರ್ಡು ಕೇಳುತ್ತಾರೆ, ಹೈಸ್ಕೂಲಿಗೆ ಹೋಗಿ ಈಗಲೇ ತೆಗೆಸಿಕೋ.

ಇನ್ನು ದುಡ್ಡು. ಇದನ್ನು ನಿನ್ನ ಅಪ್ಪನಿಗೂ ಓದಿ ಹೇಳು.

ಅಣ್ಣ ತೋಟ ಅಡ ಇಡುತ್ತೇನೆ ಅಂದನಂತೆ. ಇಡಬಾರದು. ಈ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷಕ್ಕೆ ಎಂಬತ್ತು ಸಾವಿರ ಡಾಲರ್ ಮೀರುತ್ತದೆ. ನಾಲ್ಕು ವರ್ಷಕ್ಕೆ ಎಷ್ಟಾಯ್ತು ಅಂತ ನೀನೇ ಗುಣಿಸು. ತೋಟ ಮಾರಿದರೂ ಸಾಲದು. ಹಾಗಾದರೆ ಬಡವರು, ಮಧ್ಯಮದವರು ಹೇಗೆ ಓದುತ್ತಾರೆ? ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆ್ಯಮ್‌ಹರ್ಸ್ಟ್, ಬೌಡನ್, ಈಚೆಗೆ ಬ್ರೌನ್ ಕೂಡ, ಹೊರದೇಶದ ಮಕ್ಕಳ ವಿಷಯದಲ್ಲೂ ದುಡ್ಡಿನ ಅಗತ್ಯ ಎಷ್ಟು ಅಂತ ನೋಡದೆ ಆಯ್ಕೆ ಮಾಡುತ್ತವೆ. ಇದಕ್ಕೆ ನೀಡ್ ಬ್ಲೈಂಡ್ ಅನ್ನುತ್ತಾರೆ. ಆಯ್ಕೆಯಾದರೆ ಮನೆಯ ಆದಾಯ ನೋಡಿ ಉಳಿದಿದ್ದನ್ನು ಅವರೇ ತುಂಬುತ್ತಾರೆ. ಅದು ಸಾಲವಲ್ಲ. ಆದರೆ ಉಳಿದ ಬಹಳಷ್ಟು ಕಾಲೇಜು, ಸ್ಟ್ಯಾನ್‌ಫರ್ಡ್ ಸೇರಿ, ಹೊರಗಿನವರು ಸಹಾಯ ಕೇಳಿದರೆ ಅದನ್ನೂ ಲೆಕ್ಕಕ್ಕೆ ಇಡುತ್ತವೆ. ಆ ಕನ್ಸಲ್ಟೆಂಟ್ 'ಸಹಾಯ ಬೇಡ ಅಂತ ಟಿಕ್ ಮಾಡಿ, ಸೇರಿದ ಮೇಲೆ ಕೇಳಿದರಾಯ್ತು' ಅಂದಿದ್ದರೆ ನಂಬಬೇಡ. ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ಜಿಯಲ್ಲಿ ಕೇಳದ ಹೊರದೇಶದವರಿಗೆ ಆಮೇಲೆ ಕೊಡುವುದಿಲ್ಲ. ಸೀಟು ಸಿಕ್ಕಿ ಹೋಗಲಾಗದೆ ಕೂರುವುದು ಸೀಟು ಸಿಗದಿದ್ದಕ್ಕಿಂತ ಕೆಟ್ಟದ್ದು.

ಹಾಗಾಗಿ ಹನ್ನೆರಡರ ಪಟ್ಟಿಯನ್ನು ಐದಕ್ಕೋ ಆರಕ್ಕೋ ಇಳಿಸು. ದುಡ್ಡಿನ ದಾರಿ ಇರುವುದು ಮಾತ್ರ ಇರಲಿ. ನವೆಂಬರ್ 1ರೊಳಗೆ ಹಾಕಿ ಬೇಗ ಉತ್ತರ ಪಡೆಯುವ ಅರ್ಲಿ ಅರ್ಜಿಗೆ ಒಂದನ್ನು ಆರಿಸು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಈ ನಾಲ್ಕರಲ್ಲಿ ಒಂದಕ್ಕೆ ಅರ್ಲಿ ಹಾಕಿದರೆ ಇನ್ನೊಂದಕ್ಕೆ ಹಾಕುವ ಹಾಗಿಲ್ಲ. 'ಅರ್ಲಿ ಡಿಸಿಷನ್' ಅಂತ ಇರುವ ಕಡೆ ಹುಷಾರು, ಅಲ್ಲಿ ಸೀಟು ಕೊಟ್ಟರೆ ಸೇರಲೇಬೇಕು ಅಂತ ಸಹಿ ಹಾಕಿಸಿಕೊಳ್ಳುತ್ತಾರೆ.

ಕ್ಯಾಲೆಂಡರ್ ನೋಡಿದೆಯಾ? ಜನವರಿ ಮೊದಲ ವಾರ ಇಲ್ಲಿನ ಅರ್ಜಿಗಳು, ಅದೇ ತಿಂಗಳು ಜೆಇಇ ಮೇನ್, ಆಮೇಲೆ ಪಿಯು ಪರೀಕ್ಷೆ, ಸಿಇಟಿ. ನವೆಂಬರ್ ಮುಗಿಯುವ ಹೊತ್ತಿಗೆ ಪ್ರಬಂಧಗಳು ಮುಗಿದಿರಲಿ. ಡಿಸೆಂಬರ್ ಪೂರ್ತಿ ಜೆಇಇಗೆ ಕೊಡು. ಐಐಎಸ್‌ಸಿ ಬೆಂಗಳೂರಿನಲ್ಲೇ ಇದೆ ಅನ್ನುವ ಕಾರಣಕ್ಕೆ ನಮ್ಮವರಿಗೆ ಅದರ ಬೆಲೆ ಗೊತ್ತಾಗುವುದಿಲ್ಲ. ನಾಲ್ಕು ವರ್ಷದ ಬಿಎಸ್ ಅಲ್ಲಿ 2011ರಿಂದ ಇದೆ, ಗಣಿತ ಮತ್ತು ಕಂಪ್ಯೂಟಿಂಗ್‌ನಲ್ಲಿ ಬಿಟೆಕ್ಕೂ ಬಂದಿದೆ. ನೀನು ಅದನ್ನು 'ಬ್ಯಾಕಪ್' ಅಂತ ಬರೆದಿದ್ದೀಯ. ಆ ಪದ ಅಳಿಸು. ಅದು ಸಿಗುವುದೇ ಕಷ್ಟ, ಸಿಕ್ಕರೆ ನಾನು ಎಡಿಸನ್‌ನಲ್ಲೆಲ್ಲ ಮೈಸೂರು ಪಾಕ್ ಹಂಚುತ್ತೇನೆ. ಅಲ್ಲಿಂದ ಪಿಎಚ್‌ಡಿಗೆ ಇಲ್ಲಿಗೆ ಬಂದರೆ ವಿಜ್ಞಾನ, ಗಣಿತದಲ್ಲಿ ಸಾಮಾನ್ಯವಾಗಿ ಫೀಸೂ ಇಲ್ಲ, ತಿಂಗಳಿಗೆ ಖರ್ಚಿಗೂ ಕೊಡುತ್ತಾರೆ. ಅಷ್ಟರಲ್ಲಿ ನಿನಗೆ ಇಪ್ಪತ್ತೆರಡಾಗಿರುತ್ತದೆ, ನಿನ್ನ ಅಮ್ಮನಿಗೂ ಕಳಿಸಲು ಧೈರ್ಯ ಬಂದಿರುತ್ತದೆ. ಈ ವರ್ಷವಂತೂ ಇಲ್ಲಿನ ವೀಸಾ ಗಾಳಿ ಸರಿಯಿಲ್ಲ. ಮೇ ತಿಂಗಳಲ್ಲಿ ಹಾರ್ವರ್ಡ್ ಹೊರದೇಶದ ಮಕ್ಕಳನ್ನು ಸೇರಿಸಿಕೊಳ್ಳುವ ಅನುಮತಿಯನ್ನೇ ಸರ್ಕಾರ ಕಿತ್ತುಕೊಳ್ಳಲು ಹೊರಟಿತ್ತು, ಕೋರ್ಟು ತಡೆಯಿತು.

'ಹೆಸರಿರೋ ಕಾಲೇಜಲ್ಲಿ ಓದದಿದ್ರೆ ಜೀವನ ಅಲ್ಲಿಗೇ ನಿಂತುಬಿಡುತ್ತಾ?' ಅಂತ ಕೊನೆಗೆ ಕೇಳಿದ್ದೀಯ. ಡೇಲ್ ಮತ್ತು ಕ್ರೂಗರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಹುಡುಕಿದ್ದರು. ಅಂಥ ಕಾಲೇಜುಗಳಿಗೆ ಅರ್ಜಿ ಹಾಕಿ ಬೇರೆ ಕಡೆ ಓದಿದವರು, ಅಲ್ಲೇ ಓದಿದ ತಮ್ಮ ಸರಿಸಮದವರಷ್ಟೇ ಮುಂದೆ ಸಂಪಾದಿಸಿದ್ದರು. ಬಡ ಮನೆಯಿಂದ ಬಂದವರಂಥ ಕೆಲವರಿಗೆ ಮಾತ್ರ ಆ ಕಾಲೇಜಿನಿಂದ ಲಾಭ ಕಂಡಿತು. ಅದು ಅಮೆರಿಕದ ಮಕ್ಕಳ ಲೆಕ್ಕ, ನಿನಗೆ ಹಾಗೇ ಒಪ್ಪುತ್ತದೆ ಅನ್ನಲಾರೆ. ಆದರೆ ಅರ್ಜಿ ಹಾಕುವ ಹುಮ್ಮಸ್ಸು ಇರುವ ಹುಡುಗಿ ಎಲ್ಲಿ ಕೂತರೂ ಓದುತ್ತಾಳೆ ಅಂತ ನನಗೆ ಅರ್ಥವಾಗಿದ್ದು.

ಪ್ರಬಂಧದ ಮೊದಲ ಕರಡು ಕನ್ನಡದಲ್ಲೇ ಬರೆದು ಕಳಿಸು. ಇಂಗ್ಲಿಷ್ ಆಮೇಲೆ ನೋಡೋಣ. ಕನ್ಸಲ್ಟೆಂಟಿಗೆ ಎರಡನೇ ಕಂತು ಕಟ್ಟಬೇಡಿ ಅಂತ ಅಣ್ಣನಿಗೆ ಹೇಳು. ತೋಟದ ಪತ್ರ ಬೀರುವಿನಲ್ಲೇ ಇರಲಿ. ಉಳಿದಿದ್ದನ್ನು ನಾನೇ ಮುಂದಿನ ಭಾನುವಾರ ಅವನ ಹತ್ತಿರ ಮಾತಾಡುತ್ತೇನೆ. ಅತ್ತಿಗೆಗೆ ಹೇಳು, ಕಳಿಸಿದ ಮಿಡಿ ಉಪ್ಪಿನಕಾಯಿ ಆಗಲೇ ಅರ್ಧ ಖಾಲಿ.

ಮಘೆ ಮಳೆ ಇಲ್ಲಿಯವರೆಗೆ ಎಷ್ಟು ಇಂಚು ಆಯ್ತು? ಅಪ್ಪಯ್ಯನನ್ನು ಕೇಳಿ ಬರೆ.

ನಿನ್ನ ಪ್ರೀತಿಯ,
ಅತ್ತೆ