ಮೋಟರ್‌ಹೋಮ್ ಹಿಂದೆ ಗ್ಲಾಡಿಯೇಟರ್ ಎಳೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಹೆದ್ದಾರಿಗಳಲ್ಲಿ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ದೊಡ್ಡ ವಾಹನ) ಹಿಂದೆ ಜೀಪ್ ಗ್ಲಾಡಿಯೇಟರ್ ಪಿಕಪ್ ಅನ್ನು ನಾಲ್ಕೂ ಚಕ್ರ ನೆಲದ ಮೇಲೆ ಉರುಳುವಂತೆ ಎಳೆದೊಯ್ಯುವವರು ದಯವಿಟ್ಟು ಓದಿ.

ಬೇಸ್‌ಪ್ಲೇಟ್ (ಎಳೆಯುವ ಕೊಂಡಿ ಸಿಕ್ಕಿಸಲು ಪಿಕಪ್ ಮುಂಭಾಗದಲ್ಲಿ ಕೂರಿಸುವ ಲೋಹದ ಭಾಗ), ದೀಪದ ವೈರಿಂಗನ್ನು ಗ್ಯಾರೇಜಿನವರು ಕೂರಿಸಿಕೊಡುತ್ತಾರೆ. ಪ್ರತಿ ಸಲ ಗೇರ್ ಸರಿಯಾಗಿಡುವುದು ಮಾತ್ರ ನಿಮ್ಮದೇ ಹೊಣೆ. ಟೋ ಬಾರ್ (ಎರಡೂ ಗಾಡಿಗಳನ್ನು ಜೋಡಿಸುವ ಸರಳು) ಸಿಕ್ಕಿಸಿದ ಮೇಲೆ ಟ್ರಾನ್ಸ್‌ಫರ್ ಕೇಸ್‌ನ (ಗೇರ್‌ಬಾಕ್ಸಿನಿಂದ ಬರುವ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಬಂದಿರಬಹುದು ಎಂದುಕೊಂಡು ಹೊರಡಬೇಡಿ. ಎಂಜಿನ್ ಓಡುತ್ತಿರುವಾಗ ಗೇರನ್ನು ರಿವರ್ಸ್‌ಗೆ, ಆಮೇಲೆ ಡ್ರೈವ್‌ಗೆ ಹಾಕಿ, ಎರಡೂ ಸಲ ಬ್ರೇಕಿನಿಂದ ಕಾಲು ತೆಗೆದು ನೋಡಿ. ಗಾಡಿ ಒಂದಿಷ್ಟೂ ಕದಲಬಾರದು. ಆಮೇಲೆ ಎಂಜಿನ್ ನಿಲ್ಲಿಸಿ, ಆಟೋಮ್ಯಾಟಿಕ್ ಆಗಿದ್ದರೆ ಪಾರ್ಕ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಡಿಸಿ. ಉಳಿದ ವಿವರಗಳು ಗಾಡಿಯ ಕೈಪಿಡಿಯಲ್ಲಿವೆ. ಬೇರೆ ಪಿಕಪ್ ಇರುವವರು ತಮ್ಮ ಕೈಪಿಡಿಯನ್ನೇ ನಂಬಿ, ಏಕೆಂದರೆ ಎಲ್ಲವನ್ನೂ ಹೀಗೆ ಎಳೆಯುವಂತಿಲ್ಲ.

ಹಿಂದಿನ ಗಾಡಿಗೆ ಪ್ರತ್ಯೇಕ ಬ್ರೇಕ್ ವ್ಯವಸ್ಥೆ ಇರಲೇಬೇಕು. ಕೊಂಡಿ ಕಳಚಿದರೆ ಬ್ರೇಕ್ ಹಾಕುವ ಆ ತೆಳು ತಂತಿಯನ್ನು ಟೋ ಬಾರ್‌ಗೆ ಸಿಕ್ಕಿಸಬೇಡಿ, ಮೋಟರ್‌ಹೋಮಿನ ಚೌಕಟ್ಟಿಗೇ ಸಿಕ್ಕಿಸಿ. ಬಾರ್ ಕಳಚಿ ಬಂದರೆ ತಂತಿಯೂ ಅದರೊಂದಿಗೇ ಬಂದುಬಿಡುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಸುರಕ್ಷತಾ ಕೇಬಲ್‌ಗಳನ್ನು ಬಾರ್‌ನ ಕೆಳಗೆ ಒಂದನ್ನೊಂದು ಅಡ್ಡಹಾಯುವಂತೆ ಹಾಕಿ.

ಕಟ್ಟಿಕೊಂಡಿರುವಾಗ ರಿವರ್ಸ್ ಬೇಡವೇ ಬೇಡ. ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿಕೊಂಡರೆ ಪಿಕಪ್ ಬಿಚ್ಚಿ, ಆಮೇಲೆ ತಿರುಗಿಸಿ.