ನಾಲೆ ನೀರು ಹತ್ತದ ಏರು

ಪ್ರೀತಿಯ ಪುಟ್ಟಿ,

200 ಕಿಲೋಮೀಟರ್ ಬ್ರೆವೆಗೆ, ಅಂದರೆ ಗೊತ್ತುಮಾಡಿದ ಟೈಮಿನೊಳಗೆ ಮುಗಿಸಬೇಕಾದ ಸೈಕಲ್ ಸವಾರಿಗೆ, ಹೆಸರು ಕೊಟ್ಟಿದ್ದೇನೆ ಅಂತ ನೀನು ಫೋನಿನಲ್ಲಿ ಹೇಳಿದಾಗ ಅಪ್ಪ ಪಕ್ಕದಲ್ಲೇ ಇದ್ದರು. "ತಾಯಿಗೆ ತಕ್ಕ ಮಗಳು" ಅಂದರು. ಹೊಗಳಿದರೋ ಬೈದರೋ ನನಗಂತೂ ಗೊತ್ತಾಗಲಿಲ್ಲ.

ಭಾನುವಾರ ನಮ್ಮ ಗುಂಪು ಮೈಸೂರಿನಿಂದ ಹೊರಟು ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ, ನಾಗಮಂಗಲ, ಮಂಡ್ಯ ಸುತ್ತಿಕೊಂಡು ಬಂತು. 150 ಕಿಲೋಮೀಟರ್ ದಾಟಿತು. ಕತ್ತಲಲ್ಲೇ ಬಿಟ್ಟೆವು. ಪಟ್ಟಣದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಸಿಕ್ಕವು. ಅವುಗಳ ಹಿಂದೆ ಗಾಳಿ ತಾಗುವುದಿಲ್ಲ, ಅಂಟಿಕೊಂಡು ಹೋಗೋಣ ಅನಿಸುತ್ತದೆ. ಹೋಗಬೇಡ. ಯಾವ ಹಂಪಿನಲ್ಲಿ ಜಲ್ಲೆ ಜಾರಿ ಮುಂದಿನ ಚಕ್ರಕ್ಕೆ ಬೀಳುತ್ತದೋ ಹೇಳಕ್ಕಾಗಲ್ಲ.

ಪಾಂಡವಪುರದವರೆಗೆ ಎರಡೂ ಕಡೆ ಕಬ್ಬು, ಗದ್ದೆ. ಎಲ್ಲ ಕನ್ನಂಬಾಡಿ ನೀರಿನ ಪುಣ್ಯ. ಆ ನೀರು ತರುವ ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇರ್ವಿನ್ ನಾಲೆ ಅನ್ನುತ್ತಿದ್ದರು. ಈ ರಸ್ತೆಯಲ್ಲಿ ಕಾರಿನಲ್ಲಿ ಎಷ್ಟೋ ಸಲ ಹೋಗಿದ್ದೇವೆ, ಆದರೆ ಒಂದು ವಿಷಯ ಗೊತ್ತಾಗಿದ್ದು ಸೈಕಲ್ ಹತ್ತಿದ ಮೇಲೆ. ನಾಲೆ ನೀರು ತಾನಾಗೇ ಇಳಿದು ಹರಿಯಬೇಕು, ಏರು ಹತ್ತಲಾರದು. ಅದಕ್ಕೇ ನಾಲೆಯನ್ನು ದಿಣ್ಣೆಯ ಮಗ್ಗುಲು ಹಿಡಿದು ತೋಡಿರುತ್ತಾರೆ. ಕೆಳಗಿನ ಹೊಲಕ್ಕೆ ನೀರುಂಟು, ಮೇಲಿನದಕ್ಕೆ ಇಲ್ಲ. ಮೇಲುಕೋಟೆ ಕಡೆ ತಿರುಗಿದ ಮೇಲೆ ನಾನು ಗೇರ್ ಇಳಿಸುವುದಕ್ಕೂ ಕಬ್ಬು ಮರೆಯಾಗಿ ರಾಗಿ, ಹುರುಳಿ, ತೆಂಗು ಶುರುವಾಗುವುದಕ್ಕೂ ಸರಿಹೋಯಿತು. ನೀರಿನ ಗೆರೆ ಎಲ್ಲಿ ಮುಗಿಯಿತು ಅಂತ ತೊಡೆಗೇ ಗೊತ್ತಾಗುತ್ತದೆ ನೋಡು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ, ಮಂಡ್ಯದ ಸಕ್ಕರೆ ಕಾರ್ಖಾನೆ ಬಂದಿದ್ದು 1933ರಲ್ಲಿ. ಅದಕ್ಕೆ ಮೊದಲು ಆ ಸೀಮೆಯ ಬಹುಪಾಲು ಹೊಲಗಳೂ ಹೀಗೇ ಮಳೆ ನಂಬಿಕೊಂಡು ರಾಗಿ ಬೆಳೆಯುತ್ತಿದ್ದವು.

ಮೇಲುಕೋಟೆಯಲ್ಲಿ ಪುಳಿಯೋಗರೆ ತಿಂದು ನಾಗಮಂಗಲದ ದಾರಿ ಹಿಡಿದೆವು. ಈಗ ಒಕ್ಕಣೆ ಕಾಲ. ಒಂದು ಊರಿನ ಮುಂದೆ ರಸ್ತೆ ತುಂಬ ಹುರುಳಿ ಹರಡಿದ್ದರು. ಬಸ್ಸು, ಲಾರಿ ತುಳಿದರೆ ಕಾಳು ಉದುರುತ್ತದೆ. ನಾವೂ ಮೇಲೇ ಬಿಟ್ಟೆವು. ಹತ್ತು ಮಾರು ಹೋಗುವಷ್ಟರಲ್ಲಿ ನನ್ನ ಹಿಂದಿನ ಚಕ್ರ ಕಟಕಟ ಅಂದು ನಿಂತಿತು. ಬಳ್ಳಿ ಗೇರಿನ ಹಲ್ಲುಗಳ ಸಂದಿಗೆ ಹೋಗಿ ದಾರದುಂಡೆ ಹಾಗೆ ಸುತ್ತಿಕೊಂಡಿತ್ತು. ತಲೆಯ ಪಿನ್ನು ತೆಗೆದು ಒಂದೊಂದೇ ಎಳೆ ಬಿಡಿಸಿದೆ. ಪಿನ್ನಿನಷ್ಟು ಚೆನ್ನಾಗಿ ಆ ಸಂದಿಗೆ ಯಾವ ಟೂಲೂ ಹೋಗುವುದಿಲ್ಲ, ನೆನಪಿಟ್ಟುಕೋ. ಪಕ್ಕದಲ್ಲಿ ಕವೆಗೋಲು ಹಿಡಿದಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿದರು. "ನಿಮ್ ಸೈಕಲ್ಗೆ ಒಂದ್ ಕಾಳೂ ಉದ್ರಾಕಿಲ್ಲ ಕಣವ್ವ, ಸುಮ್ನೆ ಇಳ್ಕಂಡು ನಡ್ಕಂಡ್ ಹೋಗಿ" ಅಂದರು. ನಡೆದೆವು. ಕಾಲಿಗೆ ಎಷ್ಟು ಹಿತವಾಯಿತು ಗೊತ್ತಾ!

ಅಲ್ಲಿಂದ ನಾಗಮಂಗಲದವರೆಗೆ ಮೂಡಣ ಗಾಳಿ ಮುಖಕ್ಕೇ ಹೊಡೆಯಿತು. ನಿನಗೆ ಏರಿನ ಭಯ ಅಲ್ವಾ? ಏರಿಗೆ ಒಂದು ಕೊನೆ ಇರುತ್ತದೆ. ಎದುರುಗಾಳಿ ಜಾಸ್ತಿ ಕಷ್ಟ. ಆಗ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಮುಂದಿನವರು ಸ್ವಲ್ಪ ಹೊತ್ತಾದ ಮೇಲೆ ಪಕ್ಕಕ್ಕೆ ಸರಿದು ಕೊನೆಗೆ ಸೇರಬೇಕು. ಮುಂದೆ ಇರುವವರು ಗುಂಡಿ ಕಂಡರೆ ಕೂಗಬೇಕು, ಹಿಂದಿನವರಿಗೆ ಕಾಣುವುದು ಬೆನ್ನು ಮಾತ್ರ. ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ, ಗಟ್ಟಿ ಕಾಲು. ಮುಂದೆ ಬಂದ ಕೂಡಲೇ ಜೋರು ಮಾಡುತ್ತಾನೆ, ಸಾಲು ಹರಿದು ಚೂರಾಗುತ್ತದೆ. ಅವನು ಇದನ್ನೇ ಸಹಾಯ ಅಂದುಕೊಂಡಿದ್ದಾನೆ. ಮುಂದೆ ಹೋದಾಗ ಹಿಂದೆ ಇದ್ದ ವೇಗವನ್ನೇ ಇಟ್ಟುಕೊಳ್ಳುವವರು ಸಿಕ್ಕರೆ ಅವರ ಜೊತೆ ಬಿಡಬೇಡ.

ಇನ್ನು ಟೈಮಿನ ಲೆಕ್ಕ. 200ಕ್ಕೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಗಂಟೆಗೆ 20ರಂತೆ ತುಳಿದರೂ ಹತ್ತು ಗಂಟೆ ಸಾಕು, ಮೂರೂವರೆ ಉಳಿಯುತ್ತದೆ. ಅದನ್ನು ಕಳೆಯುವುದು ಹೋಟೆಲಿನಲ್ಲಿ. ಎಲ್ಲರೂ ಇಡ್ಲಿ ಹೇಳಿ, ಬೇಯಿಸಿ ಇಟ್ಟಿರುತ್ತಾರೆ. ಒಬ್ಬರು ಮಸಾಲೆ ದೋಸೆ ಅಂದರೋ, ಮುಗಿಯಿತು ಕಥೆ.

ಹಾಗಂತ ಎಲ್ಲ ಕಡೆ ಜಿಪುಣತನ ಬೇಡ. ಮಂಡ್ಯಕ್ಕೆ ಮುಂಚೆ ಒಂದು ಆಲೆಮನೆಯಲ್ಲಿ ಇಳಿದು ಮುಕ್ಕಾಲು ಗಂಟೆ ಕೂತೆವು. ಒಬ್ಬರು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುತ್ತಲೇ ಇದ್ದರು. ಇನ್ನೊಬ್ಬರು ಕೊಪ್ಪರಿಗೆಯ ಮೇಲೆ ಬಂದ ಕೊಳೆನೊರೆ ತೆಗೆಯುತ್ತಿದ್ದರು. ಪಾಕ ಬಂತೋ ಅಂತ ನೋಡಲು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿದರು. ಉಂಡೆ ಕಟ್ಟಿತು. ಬಿಸಿ ಬೆಲ್ಲವನ್ನು ಕಬ್ಬಿನ ಚೂರಿಗೆ ಹಚ್ಚಿ ಎಲ್ಲರಿಗೂ ಕೊಟ್ಟರು. ನೀವು ಕೊಂಡು ತಿನ್ನುವ ಎನರ್ಜಿ ಜೆಲ್ಲು ಅದರ ಮುಂದೆ ಏನೂ ಅಲ್ಲ ಬಿಡು.

ಮಂಡ್ಯದಿಂದ ಮನೆಗೆ ಸರ್ವಿಸ್ ರೋಡು. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದನ್ನೂ ಬಿಡುವುದಿಲ್ಲ, ನಮ್ಮನ್ನೂ ಇಲ್ಲ. ಹಾಗಾಗಿ ಎಲ್ಲರೂ ಕೆಳಗೇ. ಎದುರಿನಿಂದ ತಪ್ಪು ಕಡೆಯಲ್ಲಿ ಬರುವವರು ಬೇರೆ. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ನನ್ನ ಇನ್ನೊಂದು ಹಿಂದಿನ ಲೈಟು, ಮಿಂಚುವ ಜಾಕೆಟ್ಟು, ಒಂದು ಅಚ್ಚು ಬೆಲ್ಲ ಕೊರಿಯರ್‌ಗೆ ಹಾಕಿದ್ದೇನೆ. ದಾರಿಯಲ್ಲಿ ಮುದ್ರೆ ಹಾಕಿಸಿಕೊಳ್ಳುವ ಬ್ರೆವೆ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಡು, ಬೆವರಿಗೆ ಅಕ್ಷರ ಅಳಿಸುತ್ತದೆ. ಸೀಟು ಹೊಸದು ಹಾಕಿಸಿದೆ ಅಂದೆಯಲ್ಲ, ಆವತ್ತೇ ಮೊದಲ ಸಲ ಅದರ ಮೇಲೆ ಕೂರಬೇಡ. ಈ ವಾರವೇ ಒಂದು 60 ಕಿಲೋಮೀಟರ್ ಹೋಗಿ ಬಾ. ನೋವಾಯಿತಾ ಇಲ್ಲವಾ ತಿಳಿಸು. ನೋವಾದರೆ ಹಳೆಯದನ್ನೇ ಹಾಕಿಸಿಕೋ, ಎಸೆದಿಲ್ಲ ತಾನೇ?

ನಿನ್ನ,
ಅಮ್ಮ